ಏರಿಳಿಯುವ ಗಾಡಿಯ ಜೋಡಣೆಯ ಪೆಟ್ಟಿಗೆ: ಯಾವದನ್ನು ಆರಿಸಬೇಕು?

ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೋ ಜತ್ತದ ಯಲ್ಲಮ್ಮದೇವಿಯ ಜಾತ್ರೆಗೋ ಹೋಗಿ ಬಂದ ಹುಡುಗನನ್ನು "ಏನು ನೋಡಿದೆ?" ಎಂದು ಕೇಳಿದರೆ, ಅವನು ಮೊದಲು ಹೇಳುವದು ತಿರುಗುವ ತೊಟ್ಟಿಲಿನ ಸುದ್ದಿಯನ್ನು, ದೇವಿಯ ದರ್ಶನದ ಮಾತು ಆಮೇಲೆ ಬರುತ್ತದೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಮೇಲೆ ಏರುವದು, ಹೊಟ್ಟೆಯಲ್ಲಿ ಕಳವಳವಾಗುವಂತೆ ಕೆಳಗೆ ಇಳಿಯುವದು, ಮತ್ತೆ ಏರುವದು, ಇದು ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ಸಂತೋಷ. ತೊಟ್ಟಿಲಿನಲ್ಲಿ ತೂಗಿಸಿಕೊಂಡವರಾರೂ ಅದನ್ನು ಮರೆಯುವದಿಲ್ಲ.

ಈಗಿನ ಮಕ್ಕಳು ಇದಕ್ಕಿಂತಲೂ ದೊಡ್ಡದಾದ ಒಂದು ಯಂತ್ರವನ್ನು ಮೊಬೈಲಿನ ಪರದೆಯ ಮೇಲೆ ಕಂಡಿದ್ದಾರೆ. ಅದರ ಹೆಸರು ರೋಲರ್ ಕೋಸ್ಟರ್. ಅದರ ಚಿಕ್ಕ ಮಾದರಿಗಳನ್ನು ಮನೆಯಲ್ಲಿಯೇ ಬಿಡಿಭಾಗಗಳಿಂದ ಜೋಡಿಸುವ ಪೆಟ್ಟಿಗೆಗಳು ಈಗ ಸಾಂಗಲಿ, ಸೊಲ್ಲಾಪುರಗಳಂಥ ಊರುಗಳಿಂದ ತರಿಸಿಕೊಳ್ಳಲು ಬರುವಂತಾಗಿವೆ. "ಹುಡುಗ ಹಟ ಹಿಡಿದಿದ್ದಾನೆ, ಯಾವದನ್ನು ಕೊಡಿಸೋಣ?" ಎಂದು ಪಾಲಕರು ನಮ್ಮನ್ನು ಕೇಳುತ್ತಾರೆ. ನಮ್ಮ ಸಂಸ್ಥೆಯೂ ವಿಜ್ಞಾನದ ಕೋಣೆಗಾಗಿ ಇಂಥದೊಂದನ್ನು ಕೊಳ್ಳುವ ವಿಚಾರದಲ್ಲಿದೆ. ಹಣ ಊರ ಜನರದು; ಮಳೆ ಕೈಕೊಟ್ಟ ವರ್ಷದಲ್ಲಿಯೂ ಶಾಲೆಗೆಂದು ಕೈಯೆತ್ತಿ ಕೊಟ್ಟದ್ದು. ಆದ್ದರಿಂದ ಆರಿಸುವ ಮೊದಲು ತಿಳಿದುಕೊಳ್ಳುವದು ನಮ್ಮ ಕರ್ತವ್ಯ. ಆ ಸಲುವಾಗಿ ಈ ಪಾಠ.

೧. ಈ ಗಾಡಿ ಎಲ್ಲಿಂದ ಬಂದಿತು?

ರಶಿಯಾ ದೇಶದಲ್ಲಿ ಚಳಿಗಾಲ ಬಹು ದೀರ್ಘವಾದದ್ದು. ೧೭ ಮತ್ತು ೧೮ನೆಯ ಶತಮಾನಗಳಲ್ಲಿ ಅಲ್ಲಿಯ ಜನರು ಕಟ್ಟಿಗೆಯ ಎತ್ತರವಾದ ಅಟ್ಟಗಳನ್ನು ಕಟ್ಟಿ, ಅವುಗಳ ಇಳಿಜಾರಿನ ಮೇಲೆ ನೀರು ಸುರುವಿ, ಅದು ಹೆಪ್ಪುಗಟ್ಟಿದ ಮೇಲೆ ಅದರ ಮೇಲಿಂದ ಜಾರುತ್ತಿದ್ದರು. ಈ ಆಟ ಫ್ರಾನ್ಸಿಗೆ ಹೋಯಿತು. ಅಲ್ಲಿ ಅಂಥ ಹಿಮವಿಲ್ಲ. ಆದ್ದರಿಂದ ಗಾಡಿಗಳಿಗೆ ಗಾಲಿಗಳು ಬಂದವು. ೧೮೧೭ರಲ್ಲಿ ಪ್ಯಾರಿಸ್ ನಗರದಲ್ಲಿ ಹಳಿಗಳ ಮೇಲೆ ಓಡುವ ಇಂಥ ಗಾಡಿಗಳಿದ್ದವು. ಫ್ರೆಂಚರು ಇಂದಿಗೂ ಈ ಯಂತ್ರವನ್ನು "ರಶಿಯಾದ ಬೆಟ್ಟಗಳು" ಎಂದೇ ಕರೆಯುತ್ತಾರೆ.

ಅಮೇರಿಕೆಯಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬವನು ೧೮೮೪ರಲ್ಲಿ ನ್ಯೂಯಾರ್ಕಿನ ಹತ್ತಿರದ ಕೋನಿ ಐಲಂಡ್ ಎಂಬಲ್ಲಿ ಹಣ ಕೊಟ್ಟು ಏರುವ ಗಾಡಿಯೊಂದನ್ನು ನಡೆಯಿಸಿದನು. ಅದರ ಬಾಡಿಗೆ ಐದು ಸೆಂಟು; ವೇಗ ಗಂಟೆಗೆ ಸುಮಾರು ೧೦ ಕಿಲೋಮೀಟರ, ಅಂದರೆ ನಮ್ಮ ಚಕ್ಕಡಿಯ ಎತ್ತುಗಳು ಓಡಿದರೆ ಹೋಗುವಷ್ಟು. ೧೯೫೯ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಉಕ್ಕಿನ ಕೊಳವೆಗಳನ್ನೇ ಹಳಿಗಳನ್ನಾಗಿ ಮಾಡಿದ ಗಾಡಿ ಬಂದಿತು. ಕೊಳವೆಯನ್ನು ಬೇಕಾದ ಕಡೆಗೆ ಬಗ್ಗಿಸಬಹುದಾದ್ದರಿಂದ ಆ ಮೇಲೆ ಈ ಗಾಡಿಗಳು ಹೊರಳುವದನ್ನೂ ತಲೆಕೆಳಗಾಗುವದನ್ನೂ ಕಲಿತವು.

ನಮ್ಮ ಕಡೆಗೆ ಬಂದರೆ, ಕರ್ನಾಟಕದಲ್ಲಿ ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯ ಹತ್ತಿರ ೨೦೦೫ರಲ್ಲಿ ಆರಂಭವಾದ ವಂಡರ್‌ಲಾದಲ್ಲಿ ಇಂಥ ಗಾಡಿಯನ್ನು ಕಾಣಬಹುದು. ನಮ್ಮ ಮಹಾರಾಷ್ಟ್ರದಲ್ಲಿ ಖೋಪೋಲಿಯ ಹತ್ತಿರದ ಇಮ್ಯಾಜಿಕಾದಲ್ಲಿ ೨೦೧೩ರಲ್ಲಿ ಬಂದ "ನೈಟ್ರೊ" ಎಂಬ ಗಾಡಿಯಿದೆ. ಅದರ ಎತ್ತರ ಸುಮಾರು ೪೦ ಮೀಟರ. ಒಂದರ ಮೇಲೊಂದು ಹನ್ನೆರಡು-ಹದಿಮೂರು ಮಾಳಿಗೆಗಳನ್ನು ಕಟ್ಟಿದರೆ ಎಷ್ಟಾಗುವದೋ ಅಷ್ಟು.

೨. ಎಂಜಿನ್ ಇಲ್ಲದೆ ಓಡುವ ಬಗೆ

ಈ ಗಾಡಿಯಲ್ಲಿ ಎಂಜಿನ್ ಇರುವದಿಲ್ಲ. ಸಾಮಾನ್ಯವಾಗಿ ಒಂದು ಸರಪಳಿ ಅದನ್ನು ಮೊದಲನೆಯ ದಿನ್ನೆಯ ತುದಿಯವರೆಗೆ ಎಳೆದು ಬಿಟ್ಟುಬಿಡುತ್ತದೆ. ಮುಂದಿನ ದಾರಿಯನ್ನೆಲ್ಲ ಅದು ತಾನೇ ಕ್ರಮಿಸುತ್ತದೆ.

ನಮ್ಮ ತಾಲೂಕಿನ ಮಕ್ಕಳಿಗೆ ಇದನ್ನು ತಿಳಿಸಲು ಅಮೇರಿಕೆಯ ಉದಾಹರಣೆ ಬೇಕಾಗಿಲ್ಲ. ಮ್ಹೈಸಾಳ ಏತ ನೀರಾವರಿ ಯೋಜನೆಯನ್ನು ನೆನೆಯಿರಿ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ದೊಡ್ಡ ಪಂಪುಗಳು ಹಂತಹಂತವಾಗಿ ಮೇಲಕ್ಕೆ ಎತ್ತುತ್ತವೆ. ಎತ್ತುವ ಕೆಲಸಕ್ಕೆ ವಿದ್ಯುತ್ತು ಬೇಕು. ಆದರೆ ಮೇಲೆ ಬಂದ ನೀರು ಕಾಲುವೆಯಲ್ಲಿ ಹರಿಯುವದಕ್ಕೆ ಯಾರೂ ದೂಡಬೇಕಾಗಿಲ್ಲ. ಇಳಿಜಾರು ಇದ್ದಷ್ಟು ದೂರ ಅದು ತಾನಾಗಿಯೇ ಹರಿಯುತ್ತದೆ. ನಮ್ಮ ತಾಲೂಕಿನ ಕೆಲವು ಭಾಗಗಳಿಗೆ ನೀರು ಬಂದದ್ದು ಹೀಗೆಯೇ. ಏರಿಳಿಯುವ ಗಾಡಿಯ ಕಥೆಯೂ ಇದೇ. ಎತ್ತರಕ್ಕೆ ಏರಿಸುವಾಗ ನಾವು ವೆಚ್ಚ ಮಾಡಿದ ಶಕ್ತಿ ಗಾಡಿಯಲ್ಲಿ ಅಡಗಿ ಕೂಡುತ್ತದೆ. ಇದಕ್ಕೆ ಪ್ರಚ್ಛನ್ನ ಶಕ್ತಿ ಎನ್ನುತ್ತಾರೆ. ಇಳಿಯುವಾಗ ಅದು ಓಟವಾಗಿ ಹೊರಬೀಳುತ್ತದೆ. ಇದಕ್ಕೆ ಚಲನ ಶಕ್ತಿ ಎನ್ನುತ್ತಾರೆ. ಮತ್ತೆ ದಿನ್ನೆ ಏರುವಾಗ ಓಟ ಕಡಿಮೆಯಾಗಿ ಅದು ಪುನಃ ಎತ್ತರವಾಗುತ್ತದೆ.

ಆದರೆ ಕಾಲುವೆಯ ನೀರು ದಾರಿಯಲ್ಲಿ ಸ್ವಲ್ಪ ಇಂಗುವಂತೆ, ಗಾಡಿಯ ಶಕ್ತಿಯೂ ಹಳಿಯ ಘರ್ಷಣೆಯಲ್ಲಿ, ಗಾಳಿಯ ತಡೆಯಲ್ಲಿ ಸ್ವಲ್ಪ ಸ್ವಲ್ಪ ಸೋರಿ ಹೋಗುತ್ತದೆ. ಆದ್ದರಿಂದ ಎರಡನೆಯ ದಿನ್ನೆ ಮೊದಲನೆಯದಕ್ಕಿಂತ ಎತ್ತರವಾಗಿದ್ದರೆ ಗಾಡಿ ಅದನ್ನು ದಾಟಲಾರದು. ಇದು ಈ ಯಂತ್ರದ ಮೊದಲನೆಯ ಶಾಸನ.

ಎರಡನೆಯ ಶಾಸನ ವೇಗದ್ದು. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಇಳಿದ ಎತ್ತರವನ್ನು ೧೯.೬ರಿಂದ ಗುಣಿಸಿ ಅದರ ವರ್ಗಮೂಲವನ್ನು ತೆಗೆದರೆ ಬರುವದು ವೇಗ. ಎತ್ತರ ಮೀಟರಿನಲ್ಲಿರಬೇಕು, ವೇಗ ಸೆಕೆಂಡಿಗೆ ಇಷ್ಟು ಮೀಟರ ಎಂದು ಬರುತ್ತದೆ. ೪೦ ಮೀಟರ ಇಳಿದರೆ ೭೮೪; ಅದರ ವರ್ಗಮೂಲ ೨೮. ಸೆಕೆಂಡಿಗೆ ೨೮ ಮೀಟರ ಎಂದರೆ ಗಂಟೆಗೆ ನೂರು ಕಿಲೋಮೀಟರಿಗೂ ತುಸು ಹೆಚ್ಚು. ಈ ಲೆಕ್ಕದಲ್ಲಿ ಗಾಡಿಯ ತೂಕದ ಮಾತೇ ಇಲ್ಲದಿರುವದನ್ನು ಮಕ್ಕಳು ಲಕ್ಷ್ಯದಲ್ಲಿಡಬೇಕು. ಅದರಂತೆಯೇ ಎತ್ತರ ಇಮ್ಮಡಿಯಾದರೆ ವೇಗ ಇಮ್ಮಡಿಯಾಗುವದಿಲ್ಲ. ವೇಗ ಇಮ್ಮಡಿಯಾಗಲು ಎತ್ತರ ನಾಲ್ಕು ಪಟ್ಟಾಗಬೇಕು.

೩. ತಲೆಕೆಳಗಾದರೂ ಬೀಳದಿರುವ ಬಗೆ

ತಂಬಿಗೆಗೆ ಹಗ್ಗ ಕಟ್ಟಿ, ಅರ್ಧ ನೀರು ತುಂಬಿ, ತಲೆಯ ಮೇಲಿಂದ ಜೋರಾಗಿ ತಿರುಗಿಸಿದರೆ ನೀರು ಚೆಲ್ಲುವದಿಲ್ಲ. ಕೈ ಸಾವಕಾಶವಾದರೆ ಮೈಯೆಲ್ಲ ತೊಯ್ಯುತ್ತದೆ. ಬಳೆಯಂತೆ ಸುತ್ತಿದ ಹಳಿಯ ನಿಯಮವೂ ಇದೇ. ಮೇಲ್ತುದಿಯಲ್ಲಿ ಗಾಡಿಗೆ ಸಾಕಷ್ಟು ವೇಗವಿದ್ದರೆ ಅದು ಹಳಿಗೆ ಒತ್ತಿಕೊಂಡೇ ಸುತ್ತುತ್ತದೆ. ಇಲ್ಲವಾದರೆ ಹಾಗೆ ಒತ್ತಿಕೊಂಡಿರಲಾರದು.

ಎಷ್ಟು ಎತ್ತರದಿಂದ ಬಿಟ್ಟರೆ ಸಾಕಾಗುವದು? ಬಳೆಯ ತ್ರಿಜ್ಯದ ಎರಡೂವರೆ ಪಟ್ಟು. ಎತ್ತರವನ್ನು ಬಳೆಯ ಕೆಳತುದಿಯಿಂದ ಅಳೆಯಬೇಕು. ಇದು ಘರ್ಷಣೆಯಿಲ್ಲದೆ ಜಾರುವ ವಸ್ತುವಿನ ಲೆಕ್ಕ. ಆದರೆ ಉರುಳುವ ಗುಂಡಿಗೆ ಇಷ್ಟು ಸಾಲದು. ಏಕೆಂದರೆ ಗುಂಡು ಮುಂದೆ ಹೋಗುವದಲ್ಲದೆ ತನ್ನ ಸುತ್ತ ತಾನೂ ತಿರುಗುತ್ತದೆ. ಗಟ್ಟಿಯಾದ ಗುಂಡು ಸಮತಟ್ಟಾದ ದಾರಿಯಲ್ಲಿ ಜಾರದೆ ಉರುಳಿದರೆ ಶಕ್ತಿಯ ಏಳು ಪಾಲಿನಲ್ಲಿ ಐದು ಪಾಲು ಮುಂದಿನ ಓಟಕ್ಕೂ ಎರಡು ಪಾಲು ತಿರುಗುವದಕ್ಕೂ ಹೋಗುತ್ತದೆ. ಆದ್ದರಿಂದ ಅದಕ್ಕೆ ತ್ರಿಜ್ಯದ ೨.೭ ಪಟ್ಟು ಎತ್ತರ ಬೇಕು. ಘರ್ಷಣೆಯ ಸಲುವಾಗಿ ಇನ್ನೂ ಸ್ವಲ್ಪ ಕೂಡಿಸಬೇಕು.

ಇನ್ನೊಂದು ಸೋಜಿಗದ ಮಾತು. ಸರಿಯಾದ ವರ್ತುಲಾಕಾರದ ಬಳೆಯಲ್ಲಿ, ಮೇಲ್ತುದಿಯನ್ನು ಹೇಗೋ ದಾಟುವಷ್ಟೇ ವೇಗವಿಟ್ಟುಕೊಂಡರೂ, ಕೆಳತುದಿಯಲ್ಲಿ ಕುಳಿತವನಿಗೆ ತನ್ನ ತೂಕ ಆರು ಪಟ್ಟಾದಂತೆ ಭಾಸವಾಗುತ್ತದೆ. ಬಳೆ ಚಿಕ್ಕದಿರಲಿ ದೊಡ್ಡದಿರಲಿ, ಈ ಆರು ಪಟ್ಟು ತಪ್ಪುವದಿಲ್ಲ. ಹಳೆಯ ಕಾಲದ ದುಂಡನೆಯ ಬಳೆಗಳಲ್ಲಿ ಕುಳಿತವರ ಕುತ್ತಿಗೆಗೆ ನೋವಾಗುತ್ತಿದ್ದುದು ಇದರಿಂದಲೇ. ೧೯೭೬ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಒಂದು ಗಾಡಿಗೆ ಜರ್ಮನಿಯ ಅಂತೋನ್ ಶ್ವಾರ್ಟ್ಸ್‌ಕೋಫ್ ಮತ್ತು ವೆರ್ನರ್ ಸ್ಟೆಂಗೆಲ್ ಎಂಬವರು ನೀರ ಹನಿಯ ಆಕಾರದ ಬಳೆಯನ್ನು ರಚಿಸಿಕೊಟ್ಟರು. ಬಾಗಿನ ತ್ರಿಜ್ಯ ಕೆಳಗೆ ದೊಡ್ಡದು, ಮೇಲೆ ಚಿಕ್ಕದು. ಇಂದಿನ ದೊಡ್ಡ ಗಾಡಿಗಳ ಬಳೆಗಳು ಹೆಚ್ಚಾಗಿ ಇದೇ ರೀತಿಯವು.

೪. ನಮ್ಮದೊಂದು ತಪ್ಪು

ಪೆಟ್ಟಿಗೆಯ ಆಯ್ಕೆಗೆ ಬರುವ ಮೊದಲು ನಾವು ಮಾಡಿದ ಒಂದು ತಪ್ಪನ್ನು ಹೇಳುವದು ಅವಶ್ಯ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವದು ಶಿಕ್ಷಕನಿಗೆ ಶೋಭಿಸದು.

ಕೆಲವು ವರ್ಷಗಳ ಹಿಂದೆ ಹಿತಚಿಂತಕರೊಬ್ಬರು ಕೊಟ್ಟ ಹಣದಿಂದ ನಾವು ಒಂದು ಮಾದರಿಯ ಪೆಟ್ಟಿಗೆಯನ್ನು ತರಿಸಿದ್ದೆವು. ತೆಳು ಕಟ್ಟಿಗೆಯ ನೂರಾರು ಚೂರುಗಳು, ಬ್ಯಾಟರಿಯ ಮೋಟರು, ಎಲ್ಲವೂ ಅದರಲ್ಲಿದ್ದವು. ಸ್ನೇಹಸಮ್ಮೇಳನ ಹತ್ತಿರ ಬಂದಿತ್ತು. ಮಕ್ಕಳ ಕೈಗೆ ಕೊಟ್ಟರೆ ಚೂರುಗಳು ಕಳೆದಾವೆಂದು ನಾವೂ ನಮ್ಮ ಸಹಶಿಕ್ಷಕರೂ ಎರಡು ರಾತ್ರಿ ಕುಳಿತು ಅದನ್ನು ಜೋಡಿಸಿದೆವು. ಬಿಚ್ಚಿಕೊಳ್ಳಬಾರದೆಂದು ಎಲ್ಲ ಕಡೆಗೆ ಅಂಟು ಹಾಕಿದೆವು. ಸಮ್ಮೇಳನದ ದಿನ ಅದು ಚೆನ್ನಾಗಿ ಓಡಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಮರುದಿನ ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು.

ಒಂದು ವಾರದ ಮೇಲೆ ಏಳನೆಯ ಇಯತ್ತೆಯ ಒಬ್ಬ ಹುಡುಗಿ ಕಪಾಟಿನ ಮುಂದೆ ನಿಂತಿದ್ದಳು. ನಮ್ಮನ್ನು ಕಂಡು, "ಸರ್, ಈ ಮೊದಲನೇ ದಿನ್ನಿ ತುಸು ಗಿಡ್ಡ ಮಾಡಿದ್ರ ಗಾಡಿ ಬೀಳತೈತೇನ್ರಿ? ಮಾಡಿ ನೋಡೂಣೇನ್ರಿ?" ಎಂದು ಕೇಳಿದಳು.

ಆ ಇಡೀ ವರ್ಷದಲ್ಲಿ ನಮ್ಮ ಶಾಲೆಯಲ್ಲಿ ಹುಟ್ಟಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಬೇರೊಂದಿರಲಿಲ್ಲ. ಅದಕ್ಕೆ ನಾವು ಕೊಟ್ಟ ಉತ್ತರವೆಂದರೆ, "ಅದನ್ನು ಮುಟ್ಟಬೇಡ, ಅಂಟು ಬಿಟ್ಟೀತು" ಎಂಬುದು. ಅವಳು ಸುಮ್ಮನೆ ಹೋದಳು. ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಪ್ರಶ್ನೆ ಕೇಳಲಿ ಎಂದು ತಂದ ವಸ್ತುವಿನಿಂದಲೇ ನಾವು ಪ್ರಶ್ನೆಯನ್ನು ಮುಚ್ಚಿಬಿಟ್ಟಿದ್ದೆವು.

ಮರುದಿನ ಅವಳನ್ನು ಕರೆದು, ನಮ್ಮದು ತಪ್ಪಾಯಿತೆಂದು ಹೇಳಿ, ಬೇರೆ ಯಾವದರಿಂದಲಾದರೂ ನೋಡಲು ಬಂದೀತೇ ಎಂದು ಕೇಳಿದೆವು. ಅವಳು ಎರಡು ದಿನ ಬಿಟ್ಟು ತಂದೆಯ ದಾಳಿಂಬೆಯ ತೋಟದಿಂದ ಮೆತ್ತನೆಯ ಕರಿಯ ಪೈಪಿನ ತುಂಡೊಂದನ್ನು ತಂದಳು. ತಂದೆಯೇ ಅದನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ ಕೊಟ್ಟಿದ್ದರು. ಅದನ್ನು ೧೨ ಸೆಂಟಿಮೀಟರ ತ್ರಿಜ್ಯದ ಬಳೆಯಾಗಿ ಬಗ್ಗಿಸಿ, ಸುತಳಿಯಿಂದ ಬೆಂಚಿನ ಕಾಲಿಗೆ ಕಟ್ಟಿ, ಒಂದು ತುದಿಯನ್ನು ಎತ್ತಿ ಹಿಡಿದು ಗೋಲಿಯನ್ನು ಬಿಟ್ಟೆವು. ಮೂವತ್ತರ ಎತ್ತರದಿಂದ ಬಿಟ್ಟಾಗ ಗೋಲಿ ಬಳೆಯ ನೆತ್ತಿಯಿಂದ ಬಿದ್ದಿತು. ಬೆರಳು ಬೆರಳಷ್ಟು ಎತ್ತರಿಸುತ್ತ ಹೋದೆವು. ನಾಲ್ವತ್ತರ ಸಮೀಪಕ್ಕೆ ಬಂದಾಗ ಗೋಲಿ ಸುತ್ತಿ ಹೊರಬಿದ್ದಿತು. ವರ್ಗವೆಲ್ಲ ಎದ್ದು ನಿಂತಿತು. ಹಲಗೆಯ ಮೇಲೆ ಲೆಕ್ಕ ಬಿಡಿಸಿದೆವು: ೧೨ನ್ನು ೨.೭ರಿಂದ ಗುಣಿಸಿದರೆ ೩೨.೪. ಆಗ ಹಿಂದಿನ ಸಾಲಿನ ಹುಡುಗನೊಬ್ಬ, "ಉಳಿದದ್ದು ಎಲ್ಲಿ ಹೋತ್ರಿ, ಸರ್?" ಎಂದನು. ಘರ್ಷಣೆಯ ಪಾಠವನ್ನು ಅಂದು ನಾವು ಆರಂಭಿಸಲಿಲ್ಲ, ಅವನೇ ಆರಂಭಿಸಿದನು.

ಅಂದಿನಿಂದ ನಮ್ಮ ಅಭಿಪ್ರಾಯ ದೃಢವಾಗಿದೆ. ಪೆಟ್ಟಿಗೆಯ ಬೆಲೆಯನ್ನು ಅದರ ಚೂರುಗಳ ಸಂಖ್ಯೆಯಿಂದಲೂ ಬಣ್ಣದಿಂದಲೂ ಅಳೆಯಬಾರದು. ಅದನ್ನು ಎಷ್ಟು ಸಲ ಬಿಚ್ಚಬಹುದು, ಎಷ್ಟು ಬೇರೆ ಬೇರೆ ರೀತಿಯಿಂದ ಮತ್ತೆ ಕಟ್ಟಬಹುದು ಎಂಬುದರಿಂದ ಅಳೆಯಬೇಕು.

೫. ದೊರೆಯುವ ಪೆಟ್ಟಿಗೆಗಳ ಬಗೆಗಳು

ಜಾತ್ರೆಯ ಅಂಗಡಿಯಲ್ಲಿ ಪೆಂಗ್ವಿನ್ ಹಕ್ಕಿಗಳು ಮೆಟ್ಟಿಲು ಏರಿ ಜಾರುವ ಬ್ಯಾಟರಿಯ ಆಟಿಕೆಯನ್ನು ನೀವೆಲ್ಲ ನೋಡಿದ್ದೀರಿ. ಏರಿಸುವ ಯಂತ್ರ ಒಂದು, ಜಾರುವ ಹಳಿ ಒಂದು. ರೋಲರ್ ಕೋಸ್ಟರಿನ ತತ್ವ ಅದರಲ್ಲಿಯೇ ಇದೆ. ಕಿರಿಯ ಮಕ್ಕಳಿಗೆ ಅದು ಸಾಕು. ಮೇಲಿನ ಇಯತ್ತೆಯವರಿಗೆ ಉಳಿದ ಬಗೆಗಳು ಹೀಗಿವೆ:

(ಅ) ಒಂದರೊಳಗೊಂದು ಕಚ್ಚಿಕೊಳ್ಳುವ ಇಟ್ಟಿಗೆಗಳು: ಡೆನ್ಮಾರ್ಕ್ ದೇಶದ ಲೆಗೊ ಇದರಲ್ಲಿ ಪ್ರಸಿದ್ಧವಾದದ್ದು. ಅದರ ೨೦೧೮ರ ರೋಲರ್ ಕೋಸ್ಟರಿನಲ್ಲಿ ೪,೧೨೪ ಚೂರುಗಳಿದ್ದವು. ೨೦೨೨ರ ಬಳೆಯುಳ್ಳ ಮಾದರಿಯಲ್ಲಿ ೩,೭೫೬. ಅಂಟು ಬೇಡ, ಬಿಚ್ಚಬಹುದು. ಸೂಚನೆಗಳು ಚಿತ್ರರೂಪವಾಗಿರುವದರಿಂದ ಭಾಷೆಯ ತೊಡಕಿಲ್ಲ. ಆದರೆ ಬೆಲೆ ಬಹಳ. ಹಳಿಯ ತುಂಡುಗಳ ಬಾಗು ಅಚ್ಚಿನಲ್ಲಿಯೇ ನಿಶ್ಚಿತವಾಗಿರುವದರಿಂದ ಬಳೆಯನ್ನು ಮನಸ್ಸಿಗೆ ಬಂದಂತೆ ಹಿಗ್ಗಿಸಲು ಕುಗ್ಗಿಸಲು ಬರುವದಿಲ್ಲ.

(ಆ) ಕಡ್ಡಿ ಮತ್ತು ಗಂಟುಗಳು: ಅಮೇರಿಕೆಯ ಕೆನೆಕ್ಸ್ ಇಂಥದು, ಅದು ೧೯೯೨ರಲ್ಲಿ ಆರಂಭವಾಯಿತು. ಮದುವೆಯೊಂದರಲ್ಲಿ ಕುಳಿತು ಪಾನೀಯ ಹೀರುವ ಕೊಳವೆಗಳನ್ನು ಹೇಗೆ ಜೋಡಿಸಬಹುದೆಂದು ಯೋಚಿಸುತ್ತಿದ್ದಾಗ ಜೋಯೆಲ್ ಗ್ಲಿಕ್‌ಮನ್ ಎಂಬವರಿಗೆ ಇದರ ಕಲ್ಪನೆ ಬಂದಿತೆಂದು ಹೇಳುತ್ತಾರೆ. ಜೋಳದ ದಂಟಿನ ಬೆಂಡು, ಸಿಬರುಗಳಿಂದ ಚಕ್ಕಡಿ ಕಟ್ಟುವ ನಮ್ಮ ಮಕ್ಕಳಿಗೆ ಈ ಕಲ್ಪನೆ ಹೊಸದಲ್ಲ. ಇದರಲ್ಲಿ ಹಳಿ ಬಾಗುವಂಥದು. ಕಂಬಗಳ ಎತ್ತರವನ್ನು ಬದಲಿಸಬಹುದು.

(ಇ) ಗುಂಡು ಉರುಳುವ ದಾರಿಗಳು: ಜರ್ಮನಿಯ ರಾವೆನ್ಸ್‌ಬುರ್ಗರ್ ಸಂಸ್ಥೆ ೨೦೧೭ರಲ್ಲಿ ತಂದ ಗ್ರಾವಿಟ್ರಾಕ್ಸ್ ಈ ಬಗೆಯದು. ಗಾಡಿಯ ಬದಲು ಉಕ್ಕಿನ ಗುಂಡು. ಎತ್ತರದ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು ಎತ್ತರವನ್ನು ಏರಿಸಲು ಇಳಿಸಲು ಬರುತ್ತದೆ. ಇದೇ ತತ್ವದ ಅಗ್ಗದ ಪೆಟ್ಟಿಗೆಗಳೂ ಪೇಟೆಯಲ್ಲಿವೆ. ನೋಡಲು ಗಾಡಿಯಂತಿಲ್ಲದಿದ್ದರೂ ಕಲಿಯಲು ಇದು ಅತ್ಯುತ್ತಮ.

(ಈ) ತೂತುಗಳುಳ್ಳ ಲೋಹದ ಪಟ್ಟಿಗಳು: ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ತನ್ನ ಮಕ್ಕಳಿಗಾಗಿ ಮಾಡಿದ ಆಟಿಕೆಗೆ ೧೯೦೧ರಲ್ಲಿ ಹಕ್ಕುಪತ್ರ ಪಡೆದನು, ಅದೇ ಮುಂದೆ ಮೆಕಾನೊ ಎಂದು ಹೆಸರಾಯಿತು. ನಮ್ಮ ದೇಶದಲ್ಲಿ ಮೆಕ್ಯಾನಿಕ್ಸ್ ಎಂಬ ಹೆಸರಿನಿಂದ ಇಂಥ ಪೆಟ್ಟಿಗೆ ದೊರೆಯುತ್ತದೆ. ಇದರಿಂದ ಹಳಿಗಿಂತ ಕಂಬ, ರಾಟೆ, ಎತ್ತುವ ಯಂತ್ರಗಳನ್ನು ಚೆನ್ನಾಗಿ ಕಟ್ಟಬಹುದು. ನಟ್ಟು, ಬೋಲ್ಟು, ಪಾನಾ ಹಿಡಿಯುವ ಅಭ್ಯಾಸವೂ ಕೈಗೆ ಆಗುತ್ತದೆ.

(ಉ) ಕತ್ತರಿಸಿದ ತೆಳು ಕಟ್ಟಿಗೆಯ ಅಥವಾ ರಟ್ಟಿನ ಚೂರುಗಳು: ನೋಡಲು ಸುಂದರ. ಆದರೆ ಇವುಗಳಲ್ಲಿ ಬಹಳಷ್ಟು ಒಂದೇ ಸಲ ಕಟ್ಟುವಂಥವು. ನಮ್ಮ ಕಪಾಟಿನಲ್ಲಿರುವದು ಇದೇ.

೬. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಒಂದು: ಅಂಟು ಬೇಕೇ? ಬೇಕಾದರೆ ಅದು ಪ್ರದರ್ಶನಕ್ಕೆ ಸರಿ, ಅಭ್ಯಾಸಕ್ಕೆ ಅಲ್ಲ.

ಎರಡು: ಎತ್ತರವನ್ನು ಬದಲಿಸಬಹುದೇ? ಮೊದಲನೆಯ ದಿನ್ನೆಯ ಎತ್ತರವೇ ಈ ಯಂತ್ರದ ಮೂಲಧನ. ಅದನ್ನು ಏರಿಸಿ ಇಳಿಸಿ ನೋಡಲು ಬಾರದ ಪೆಟ್ಟಿಗೆಯಿಂದ ಕಲಿಯುವದು ಅಲ್ಪ.

ಮೂರು: ಗಾಡಿ ತಾನೇ ಇಳಿಯುತ್ತದೆಯೋ, ಇಲ್ಲವೆ ಮೋಟರು ಅದನ್ನು ದಾರಿಯುದ್ದಕ್ಕೂ ಎಳೆಯುತ್ತದೆಯೋ? ಎತ್ತುವದಕ್ಕೆ ಮಾತ್ರ ಮೋಟರು ಇದ್ದರೆ ಅಡ್ಡಿಯಿಲ್ಲ. ಕೈಯಿಂದ ತಿರುಗಿಸುವ ಹಿಡಿಕೆಯಿದ್ದರೆ ಇನ್ನೂ ಒಳ್ಳೆಯದು. ಏರಿಸುವದು ಎಷ್ಟು ಕಷ್ಟವೆಂಬುದು ಕೈಗೆ ತಿಳಿದಾಗಲೇ ಇಳಿಯುವ ವೇಗದ ಬೆಲೆ ತಿಳಿಯುತ್ತದೆ.

ನಾಲ್ಕು: ಸೂಚನೆಗಳು ಚಿತ್ರದಲ್ಲಿವೆಯೋ, ಬರಿಯ ಇಂಗ್ಲಿಷಿನ ವಾಕ್ಯಗಳಲ್ಲಿವೆಯೋ? ಇದು ನಮ್ಮಂಥ ಕನ್ನಡ ಶಾಲೆಗಳಿಗೆ ಅತಿ ಮಹತ್ವದ ಪ್ರಶ್ನೆ. ಪೆಟ್ಟಿಗೆಯ ಮೇಲಿನ ಭಾಷೆ ತಿಳಿಯದೆಂದು ಪೆಟ್ಟಿಗೆಯೊಳಗಿನ ಶಾಸ್ತ್ರವೂ ತನ್ನದಲ್ಲವೆಂದು ಮಗು ಹಿಂಜರಿಯಬಾರದು. ಇಳಿಜಾರಿಗೆ ಭಾಷೆಯಿಲ್ಲ, ಗೋಲಿ ಎಲ್ಲರ ಕೈಯಲ್ಲಿಯೂ ಒಂದೇ ರೀತಿ ಉರುಳುತ್ತದೆ. ಮೊದಲನೆಯ ದಿನವೇ ಮಕ್ಕಳಿಂದ ಚೂರುಗಳಿಗೆಲ್ಲ ಕನ್ನಡದ ಹೆಸರುಗಳನ್ನು ಇಡಿಸಿ ಪಟ್ಟಿ ಬರೆಯಿಸಬೇಕು. ಹೆಸರಿಟ್ಟ ವಸ್ತು ಸ್ವಂತದ್ದಾಗುತ್ತದೆ.

ಐದು: ಒಂದು ಚೂರು ಕಳೆದರೆ ಮುಂದೇನು? ಬಿಡಿ ಚೂರುಗಳು ದೊರೆಯುವವೇ, ಅಥವಾ ಇದ್ದುದರಿಂದಲೇ ಬೇರೆ ರೀತಿ ಕಟ್ಟಲು ಬರುವದೇ ಎಂದು ವಿಚಾರಿಸಬೇಕು.

ಆರು: ಯಾವ ವಯಸ್ಸಿಗೆ ಯೋಗ್ಯ, ಸುರಕ್ಷಿತವೇ? ೧೪ ವರ್ಷದೊಳಗಿನ ಮಕ್ಕಳ ಆಟಿಕೆಗಳ ಮೇಲೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಗುರುತು ಇರಬೇಕೆಂಬ ನಿಯಮ ೨೦೨೧ನೆಯ ಜನೇವರಿ ೧ರಿಂದ ಜಾರಿಗೆ ಬಂದಿದೆ. ಆ ಗುರುತನ್ನು ನೋಡಿ ಕೊಳ್ಳಬೇಕು. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಇದ್ದರೆ ಗುಂಡುಗಳನ್ನೂ ಸಣ್ಣ ಚೂರುಗಳನ್ನೂ ಅದರ ಕೈಗೆ ಸಿಗದಂತೆ ಎತ್ತಿಡಬೇಕು. ಗಂಟಲಲ್ಲಿ ಸಿಕ್ಕಿದರೆ ಪ್ರಾಣಕ್ಕೆ ಅಪಾಯ. ಗುಂಡಿಯ ಆಕಾರದ ಬ್ಯಾಟರಿಗಳಂತೂ ನುಂಗಿದರೆ ಒಳಗೆ ಸುಡುವಂಥವು. ಇದರಲ್ಲಿ ಉದಾಸೀನ ಕೂಡದು.

ಏಳು: ಎಷ್ಟು ಮಕ್ಕಳು ಕೂಡಿ ಕೆಲಸ ಮಾಡಬಹುದು? ಒಬ್ಬನು ಕಟ್ಟಿ ನಾಲ್ವತ್ತು ಜನರು ನೋಡುವ ಒಂದು ದೊಡ್ಡ ಪೆಟ್ಟಿಗೆಗಿಂತ, ಐದು ಜನರ ಗುಂಪು ಗುಂಪಾಗಿ ಕಟ್ಟುವ ಸಣ್ಣ ಪೆಟ್ಟಿಗೆಗಳು ಶಾಲೆಗೆ ಹೆಚ್ಚು ಉಪಯುಕ್ತ.

೭. ಕೊಳ್ಳಲಾರದವರು ನಿರಾಶರಾಗಬೇಕಾಗಿಲ್ಲ

ಪಾಲಕರಲ್ಲಿ ಅನೇಕರಿಗೆ ಈ ಪೆಟ್ಟಿಗೆಗಳ ಬೆಲೆ ಭಾರವಾದದ್ದು. ಅವರು ಸಾಲ ಮಾಡಿ ಕೊಡಿಸುವದನ್ನು ನಾವು ಸರ್ವಥಾ ಒಪ್ಪುವದಿಲ್ಲ. ಅರವಿಂದ ಗುಪ್ತಾ ಅವರ ಹೆಸರನ್ನು ಮಕ್ಕಳು ತಿಳಿದಿರಬೇಕು. ಕಾನಪುರದ ಐ.ಐ.ಟಿ.ಯಲ್ಲಿ ಇಂಜಿನಿಯರಾದ ಇವರು ೧೯೭೮ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ ಜಿಲ್ಲೆಯ ಹಳ್ಳಿಯ ಶಾಲೆಗಳ ವಿಜ್ಞಾನ ಶಿಕ್ಷಣದ ಕೆಲಸದಲ್ಲಿ ಸೇರಿಕೊಂಡರು. ಅಲ್ಲಿ ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ತ್ರಿಕೋನ, ಚೌಕ, ಗೋಪುರಗಳನ್ನು ಕಟ್ಟುವ ರೀತಿಯನ್ನು ರೂಪಿಸಿದರು. ಮುಂದೆ ಪುಣೆಯ ವಿಜ್ಞಾನ ಕೇಂದ್ರದಲ್ಲಿ ಹಲವು ವರ್ಷ ಕಸದಿಂದ ಆಟಿಕೆ ಮಾಡುವದನ್ನು ಕಲಿಸಿದರು. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಗೌರವ ದೊರೆಯಿತು. ಸಾವಿರಾರು ರೂಪಾಯಿಗಳ ಪೆಟ್ಟಿಗೆ ಮಾಡುವ ಕೆಲಸವನ್ನು ಬೆಂಕಿಪೆಟ್ಟಿಗೆಯೂ ಮಾಡಬಲ್ಲದೆಂದು ಅವರು ತೋರಿಸಿಕೊಟ್ಟರು.

ಮಣ್ಣೆತ್ತಿನ ಅಮಾವಾಸ್ಯೆಗೆ ಎರಿಮಣ್ಣಿನಿಂದ ಎತ್ತುಗಳನ್ನು ಮಾಡುವ ಕೈಗಳು ನಮ್ಮ ಮಕ್ಕಳವು. ಅವರು ಹಳೆಯ ಪತ್ರಿಕೆಯ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ಕಂಬಗಳನ್ನು ಮಾಡಬಹುದು. ರಟ್ಟನ್ನು ಮಡಿಚಿ ಹಳಿ ಮಾಡಬಹುದು. ಸೀಳಿದ ಪೈಪಿನಿಂದ ಬಳೆ ಮಾಡಬಹುದು. ಪೈಪನ್ನು ಸೀಳುವ ಕೆಲಸ ಮಾತ್ರ ಹಿರಿಯರೇ ಮಾಡಿಕೊಡಬೇಕು.

೮. ಅಭ್ಯಾಸ

(೧) ಬಳೆಯ ತ್ರಿಜ್ಯ ೮ ಸೆಂಟಿಮೀಟರ. ಜಾರುವ ವಸ್ತುವನ್ನು ಎಷ್ಟು ಎತ್ತರದಿಂದ ಬಿಡಬೇಕು? ಉರುಳುವ ಗೋಲಿಯನ್ನು ಎಷ್ಟರಿಂದ? (ಉತ್ತರ: ೨೦, ೨೧.೬)

(೨) ೨೦ ಸೆಂಟಿಮೀಟರ ಎತ್ತರದಿಂದಲೂ ೮೦ ಸೆಂಟಿಮೀಟರ ಎತ್ತರದಿಂದಲೂ ಗೋಲಿಯನ್ನು ಬಿಟ್ಟರೆ ಕೆಳಗಿನ ವೇಗಗಳ ಪ್ರಮಾಣವೇನು? (ಉತ್ತರ: ೧ಕ್ಕೆ ೨)

(೩) ನಿಮ್ಮ ಮನೆಯಲ್ಲಿ ಬಳೆಯೊಂದನ್ನು ಕಟ್ಟಿ, ಗೋಲಿ ಬೀಳದೆ ಸುತ್ತುವ ಅತಿ ಕಡಿಮೆ ಎತ್ತರವನ್ನು ಹತ್ತು ಸಲ ಅಳೆದು ಬರೆಯಿರಿ. ಲೆಕ್ಕದ ಎತ್ತರಕ್ಕೂ ಇದಕ್ಕೂ ಅಂತರವೆಷ್ಟು? ಹಳಿಯನ್ನು ಒರಸಿ ಸ್ವಚ್ಛ ಮಾಡಿದರೆ ಆ ಅಂತರ ಕಡಿಮೆಯಾಗುತ್ತದೆಯೇ?

(೪) ಗಾಜಿನ ಗೋಲಿ, ಉಕ್ಕಿನ ಗುಂಡು, ಮಣ್ಣಿನ ಗುಂಡು, ಇವುಗಳಲ್ಲಿ ಯಾವದು ಚೆನ್ನಾಗಿ ಸುತ್ತುತ್ತದೆ? ಮೊದಲು ಊಹಿಸಿ ಬರೆದು, ಆಮೇಲೆ ಮಾಡಿ ನೋಡಿರಿ.

ಮುಕ್ತಾಯ

ನಮ್ಮ ಶಾಲೆಗಾಗಿ ನಾವು ಸಂಸ್ಥೆಯ ಮುಂದೆ ಇಟ್ಟಿರುವ ಸೂಚನೆ ಇಷ್ಟೇ: ಒಂದು ದೊಡ್ಡ ಪ್ರದರ್ಶನದ ಮಾದರಿಯ ಬದಲು, ಎತ್ತರ ಬದಲಿಸಲು ಬರುವ ಗುಂಡಿನ ದಾರಿಯ ಸಣ್ಣ ಪೆಟ್ಟಿಗೆಗಳು ಕೆಲವು, ಲೋಹದ ಪಟ್ಟಿಗಳ ಪೆಟ್ಟಿಗೆ ಒಂದು. ಇವುಗಳನ್ನು ಕಪಾಟಿನಲ್ಲಿಡದೆ ತೆರೆದ ಮೇಜಿನ ಮೇಲೆ ಇಡಬೇಕು. ಚೂರುಗಳ ಪಟ್ಟಿಯನ್ನು ಮಕ್ಕಳೇ ಇಡಬೇಕು. ವಾರಕ್ಕೊಮ್ಮೆ ಅವರೇ ಎಣಿಸಬೇಕು. ಕೆಲವು ಚೂರುಗಳು ಕಳೆದಾವು. ಕಳೆಯಲಿ. ಚೂರು ಕಳೆದರೆ ಮತ್ತೊಂದು ತಂದೇವು; ಮಗುವಿನ ಬಾಯಿಗೆ ಬಂದ ಪ್ರಶ್ನೆ ಒಮ್ಮೆ ಕಳೆದುಹೋದರೆ ಅದು ಯಾವ ಪೇಟೆಯಲ್ಲಿಯೂ ಸಿಗುವದಿಲ್ಲ.

ಆ ಹಳೆಯ ಮಾದರಿ ಇನ್ನೂ ಗಾಜಿನ ಕಪಾಟಿನಲ್ಲಿದೆ. ಅದರ ಕೆಳಗೆ ಸೀಳಿದ ಕರಿಯ ಪೈಪಿನ ತುಂಡನ್ನೂ ಇಟ್ಟಿದ್ದೇವೆ. ಆದರೆ ಕಪಾಟಿಗೆ ಈಗ ಕೀಲಿ ಹಾಕುವದಿಲ್ಲ. ಶಾಲೆಗೆ ಬಂದ ಪಾಲಕರು ಅವಶ್ಯವಾಗಿ ನೋಡಬೇಕು. ಮಕ್ಕಳು ಪೈಪನ್ನು ತೆಗೆದುಕೊಂಡು ಕಟ್ಟಿ ನೋಡಬೇಕು.